ಅರವತ್ತೆರಡು ಟೈರು, ಒಂದು ಗುಡಾಣ

ನಮ್ಮೂರಿಗೆ ಹೊಸದಾಗಿ ವರ್ಗವಾಗಿ ಬಂದವರಿಗೆ ಮೊದಲ ವಾರ ಸ್ವಲ್ಪ ಕಷ್ಟ. ಹರಿದ ಚಪ್ಪಲಿಯನ್ನು ಬೇಲಿಯಾಚೆ ಎಸೆದು ಮಲಗುತ್ತಾರೆ, ಬೆಳಗ್ಗೆ ಬಾಗಿಲು ತೆಗೆದರೆ ಚಪ್ಪಲಿ ಹೊಸ್ತಿಲ ಮೇಲೆ ಕೂತಿರುತ್ತದೆ. ಮತ್ತೆ ಎಸೆಯುತ್ತಾರೆ, ಮತ್ತೆ ಬರುತ್ತದೆ. ಹಿಂದೊಬ್ಬ ಬ್ಯಾಂಕ್ ಮ್ಯಾನೇಜರು ಹಟ ಹಿಡಿದು ಮೂರು ಮೈಲಿ ಆಚೆಯ ಕೆರೆಗೇ ಎಸೆದು ಬಂದಿದ್ದ. ಮಾರನೆಯ ದಿನವೂ ಚಪ್ಪಲಿ ಬಂತು, ಈ ಸಲ ಒದ್ದೆಯಾಗಿ. ಪಾಪ, ಆ ಮನುಷ್ಯ ಅದನ್ನು ಹಿಡಿದುಕೊಂಡು ನನ್ನ ಅಂಗಡಿಗೆ ಓಡಿ ಬಂದು, "ಏನ್ರೀ ಇದು?" ಎಂದು ಕೇಳಿದ. "ಚಪ್ಪಲಿ ಸಾರ್," ಎಂದೆ. ಇನ್ನೇನು ಹೇಳಲಿ?

ಎಸೆದದ್ದು ಬರುತ್ತದೆ, ಕೊಟ್ಟದ್ದು ಬರುವುದಿಲ್ಲ. ಇಷ್ಟು ತಿಳಿದುಕೊಂಡರೆ ನಮ್ಮೂರಲ್ಲಿ ಬಾಳುವೆ ಮಾಡಬಹುದು. ಸಿಪ್ಪೆ ಹಸುವಿಗೆ ಕೊಡುತ್ತೇವೆ, ಅದು ತಿಂದರೆ ಲೆಕ್ಕ ಮುಗಿಯಿತು. ತೊಂದರೆ ಇರುವುದು ಯಾರೂ ತಿನ್ನದ ಸಾಮಾನಿನದು. ಕೊಡಬೇಕಾದರೆ ತೆಗೆದುಕೊಳ್ಳುವವನು ಬೇಕು, ಅವನು ಬಾಯಿ ಬಿಟ್ಟು "ಬರಲಿ" ಎನ್ನಬೇಕು. ಕಾಲು ಮುರಿದ ಕುರ್ಚಿಗೆ, ಸೀಳು ಬಿಟ್ಟ ಬಾನಿಗೆ ಯಾರು "ಬರಲಿ" ಎನ್ನುತ್ತಾರೆ? ಹಾಗಾಗಿ ನಮ್ಮಲ್ಲಿ ಯಾರಾದರೂ ನಗುನಗುತ್ತಾ "ತಗೋ" ಎಂದರೆ ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ನೆಂಟರು ಬಂದರೆ ಮೊದಲು ಅವರ ಚೀಲ ನೋಡುತ್ತಾರೆ, ಆಮೇಲೆ ಕಾಲಿಗೆ ನೀರು ಕೊಡುತ್ತಾರೆ.

ಈ ವಿಷಯದಲ್ಲಿ ನನ್ನಷ್ಟು ಗಟ್ಟಿ ಮನುಷ್ಯ ಊರಲ್ಲೇ ಇರಲಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ. ನಾನು ಪಂಕ್ಚರ್ ಅಂಗಡಿ ಚಿಕ್ಕವೀರಯ್ಯ. ಅಂಗಡಿ ಬಸ್ ಸ್ಟ್ಯಾಂಡಿನ ಪಕ್ಕ, ಮನೆ ಅಂಗಡಿಯ ಹಿಂದೆ. ಐವತ್ತು ವರ್ಷದಲ್ಲಿ ನನ್ನ ಬಾಯಿಂದ "ಬರಲಿ" ಎಂಬ ಮಾತು ಹೊರಡಿಸಿದವರಿಲ್ಲ. ಪಕ್ಕದ ಹಿಟ್ಟಿನ ಗಿರಣಿಯ ರಂಗಯ್ಯ ಹತ್ತೊಂಬತ್ತು ವರ್ಷ ಪ್ರಯತ್ನಪಟ್ಟಿದ್ದ. ಅವನ ಹಿತ್ತಲಲ್ಲಿ ಅಜ್ಜನ ಕಾಲದ ಒಂದು ಗುಡಾಣವಿತ್ತು, ಆಳು ಕೂರುವಷ್ಟು ದೊಡ್ಡ ಮಣ್ಣಿನದು, ಕಂಠ ಒಡೆದದ್ದು. ಗಿರಣಿಗೆ ಸೋಮವಾರ ರಜ. ಪ್ರತಿ ಸೋಮವಾರ ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು ಬಂದು ನನ್ನ ಬೆಂಚಿನ ಮೇಲೆ ಕೂರುತ್ತಿದ್ದ.

"ಚಿಕ್ಕೀರಯ್ಯ, ಆ ಗುಡಾಣ ತಗೋ ಕಣಯ್ಯ. ರಾಗಿ ತುಂಬಿಡ್ಬೋದು."

"ಕಂಠ ಇಲ್ದಿರೋ ಗುಡಾಣಕ್ಕೆ ರಾಗಿ ತುಂಬ್ಬಿಟ್ಟು ಇಲಿಗೆ ಹಬ್ಬ ಮಾಡ್ಲಾ? ನೀನೇ ನನ್ನ ಟೈರು ತಗೋ."

"ಅಯ್ಯೋ, ನಂಗ್ಯಾಕಪ್ಪ ಟೈರು!" ಎಂದು ಎದ್ದು ಹೋಗುತ್ತಿದ್ದ. ಮುಂದಿನ ಸೋಮವಾರ ಮತ್ತೆ ಹಾಜರು.

ನನ್ನ ಟೈರುಗಳ ವಿಚಾರ ಹೇಳಲೇಬೇಕು. ಲಾರಿಯವರು, ಸ್ಕೂಟರಿನವರು ಸವೆದ ಟೈರು ನನ್ನ ಅಂಗಡಿಯಲ್ಲಿ ಬಿಚ್ಚಿಸಿ, "ಇದು ನಿಮ್ಗೇ ಇರ್ಲಿ" ಎಂದು ಗಾಡಿ ಹತ್ತಿ ಪರಾರಿಯಾಗುತ್ತಾರೆ. ಪರವೂರಿನವರು ಬಿಟ್ಟು ಹೋದದ್ದು ಹಿಂದಿರುಗುವುದಿಲ್ಲ. ನಾನು ಎಸೆದರೆ ಮಾತ್ರ ಬಂದು ಕೂರುತ್ತದೆ. ಹೀಗೆ ಸೇರಿದವು ಅರವತ್ತೆರಡು. ಅಡುಗೆಮನೆಯ ಹಿಂದಿನ ಜಗಲಿಗೆ ಒತ್ತಿಕೊಂಡಂತೆ ಒಂದರ ಮೇಲೊಂದು ಪೇರಿಸಿದ್ದೆ. ಮಳೆ ಬಂದರೆ ತುಂಬುತ್ತಿದ್ದವು, ಬಿಸಿಲಿಗೆ ಒಣಗುತ್ತಿದ್ದವು. ನಾನು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಆ ವರ್ಷ ಮುಂಗಾರು ಶುರುವಾದಾಗ ಆರೋಗ್ಯ ಕೇಂದ್ರಕ್ಕೆ ಗ್ಲಾಡಿಸ್ ಎಂಬ ಸಿಸ್ಟರ್ ಬಂದರು. ಕರಾವಳಿ ಕಡೆಯವರು. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಉದ್ದ ಹಿಡಿಯ ಸೌಟು. ಕೇಳದೆ ಹಿತ್ತಲಿಗೆ ನುಗ್ಗಿ ನನ್ನ ಟೈರೊಳಗೆ ಬೆಳಕು ಬಿಟ್ಟು ನೋಡತೊಡಗಿದರು.

"ಸೊಳ್ಳೆ ಹುಡುಕೋದಾದ್ರೆ ಚರಂಡಿ ಕಡೆ ಹೋಗಿ ಸಿಸ್ಟರ್," ಎಂದೆ. "ಇದು ಆಕಾಶದಿಂದ ಬಿದ್ದಿರೋ ನೀರು. ಕುಡೀಬೋದು, ಅಷ್ಟು ಶುದ್ಧ."

"ಹೌದಾ? ಹಾಗಾದರೆ ಕುಡೀರಿ ಮಾರಾಯ್ರೆ," ಎಂದು ಸೌಟನ್ನು ನನ್ನ ಮೂಗಿನ ಹತ್ತಿರ ತಂದರು. ಅದರಲ್ಲಿ ಕೂದಲೆಳೆಯಷ್ಟು ಸಣ್ಣ ಹುಳುಗಳು ಕೊಂಕಿಕೊಂಡು ಮೇಲೆ ಕೆಳಗೆ ಆಡುತ್ತಿದ್ದವು. "ಡೆಂಗಿ ಸೊಳ್ಳೆಗೆ ಚರಂಡಿ ಬೇಡ. ಅದಕ್ಕೆ ಇಂಥ ಚೊಕ್ಕ ನೀರೇ ಬೇಕು. ಮನೆಯೊಳಗೇ ಸೇರಿಕೊಳ್ತದೆ, ಹಗಲು ಹೊತ್ತಲ್ಲೇ ಕಚ್ತದೆ. ಕಾಲಿಗೆ ಬಿಳಿ ಪಟ್ಟೆ ಇರ್ತದೆ, ನೋಡಿ ಬೇಕಾದರೆ. ಈ ಹುಳು ಸೊಳ್ಳೆಯಾಗಿ ಹಾರಲಿಕ್ಕೆ ಒಂದು ವಾರ ಸಾಕು. ಎಲ್ಲ ನೀರು ಇವತ್ತೇ ಚೆಲ್ಲಿ."

ಚೆಲ್ಲಿದೆ. ಸುಳ್ಳು ಹೇಳುವುದಿಲ್ಲ, ಒಂದೊಂದೇ ಟೈರು ಎತ್ತಿ ಬಗ್ಗಿಸಿ, ಬೆನ್ನು ಬಿದ್ದು ಹೋಗುವ ಹಾಗೆ ಚರಂಡಿಗೆ ಚೆಲ್ಲಿದೆ. ಬೀದಿಯವರೆಲ್ಲ ಅವರವರ ಬಾನಿ, ತೊಟ್ಟಿ, ಡ್ರಮ್ಮಿನ ನೀರು ಚೆಲ್ಲಿದರು. ಬೆಳಗ್ಗೆ ಎಲ್ಲ ನೀರೂ ಸ್ವಸ್ಥಾನಕ್ಕೆ ಬಂದಿತ್ತು, ಹುಳುಗಳ ಸಮೇತ. ಸಿಸ್ಟರ್‌ ಅವರನ್ನು ಕರೆದು ತೋರಿಸಿದೆ. ಆಕೆ ಸೌಟಿನಿಂದ ಮತ್ತೆ ಮೊಗೆದು ನೋಡಿದರು. ಹುಳು ಸಾಯಿಸುವ ಔಷಧಿಗೆ ಬರೆದಿದ್ದೇನೆ, ಅದಿನ್ನೂ ಬಂದಿಲ್ಲ ಎಂದರು. ಆಮೇಲೆ ಅಂಗಡಿ ಮುಂದೆ ಗಿರಾಕಿಗಳ ನೆರಳಿಗೆ ಕಟ್ಟಿದ್ದ ನನ್ನ ನೀಲಿ ಟಾರ್ಪಾಲನ್ನು ನೋಡಿ, "ಅದನ್ನಾದರೂ ಟೈರಿನ ಮೇಲೆ ಬಿಗಿಯಾಗಿ ಹೊದಿಸಿ. ಸೊಳ್ಳೆ ಹೊರಗೆ ಬರಲಿಕ್ಕೆ, ಒಳಗೆ ಹೋಗಲಿಕ್ಕೆ ಆಗಬಾರದು," ಎಂದರು.

"ಆಗ್ಲಿ ಸಿಸ್ಟರ್, ನಾಳೆನೇ ಮಾಡ್ತೀನಿ," ಎಂದೆ. ಮಾಡಲಿಲ್ಲ. ಗಿರಾಕಿಗಳು ಬಿಸಿಲಲ್ಲಿ ನಿಲ್ಲಬೇಕಲ್ಲ ಎಂದುಕೊಂಡೆ. ನಾಳೆ ನಾಳೆ ಎಂದು ಹನ್ನೆರಡು ದಿನ ಕಳೆದವು. ಈಗ ಹೇಳುವಾಗಲೂ ನನಗೆ ನಾಚಿಕೆಯಾಗುತ್ತದೆ.

ನನ್ನ ಹೆಂಡತಿ ಪುಟ್ಟಾಜಮ್ಮ ಮಧ್ಯಾಹ್ನ ಜಗಲಿಯ ಮೇಲೆ, ಟೈರಿನ ಪಕ್ಕದಲ್ಲೇ ಕೂತು ಹುರುಳಿ ಹಸನು ಮಾಡುವವಳು. ಹದಿಮೂರನೆಯ ದಿನ ಮೊರ ಪಕ್ಕಕ್ಕಿಟ್ಟು ಗೋಡೆಗೊರಗಿದಳು. ಮೈ ಮುಟ್ಟಿದರೆ ಕಾದ ಹೆಂಚು.

"ರೀ, ಕಣ್ಗುಡ್ಡೆ ಹಿಂದ್ಗಡೆ ಯಾರೋ ಕುಟ್ತಾ ಅವ್ರೆ," ಎಂದಳು. "ಮೂಳೆ ಮೂಳೆನೂ ನೋಯ್ತದೆ."

ನಾನು ಓಡಿ ಹೋಗಿ ಔಷಧಿ ಅಂಗಡಿಯಿಂದ ಮೈಕೈ ನೋವಿನ ಮಾತ್ರೆ ತಂದೆ. ಬಾಯಿಗೆ ಹಾಕುವಷ್ಟರಲ್ಲಿ ಗ್ಲಾಡಿಸ್ ಸಿಸ್ಟರ್ ಬಂದವರು ಕೈಯಿಂದ ಕಿತ್ತುಕೊಂಡರು. "ಈ ನೋವಿನ ಮಾತ್ರೆ ಕೊಟ್ಟೀರಿ, ಜೋಕೆ! ಡೆಂಗಿಯಾದರೆ ರಕ್ತಸ್ರಾವ ಆಗ್ತದೆ. ಪ್ಯಾರಾಸಿಟಮಾಲ್ ಒಂದೇ, ಅದೂ ನಾನು ಹೇಳಿದಷ್ಟೇ. ಗಂಜಿ, ಎಳನೀರು, ಉಪ್ಪು ಸಕ್ಕರೆ ನೀರು ಕುಡಿಸ್ತಾ ಇರಿ." ರಕ್ತ ತೆಗೆದುಕೊಂಡು ಹೋದರು. ಹೋಗುವ ಮೊದಲು ಹಾಡಹಗಲಲ್ಲೇ ಅವಳಿಗೆ ಸೊಳ್ಳೆ ಪರದೆ ಕಟ್ಟಿಸಿದರು. ಅವಳನ್ನು ಕಚ್ಚಿದ ಸೊಳ್ಳೆಯೇ ಆಮೇಲೆ ಇನ್ನೊಬ್ಬರಿಗೆ ರೋಗ ಹೊತ್ತುಕೊಂಡು ಹೋಗುತ್ತದಂತೆ. ಮಾರನೆಯ ದಿನ ಚೀಟಿ ಬಂತು, ಡೆಂಗಿಯೇ. ಸಿಸ್ಟರ್ ಒಂದು ಸಲ ಟೈರುಗಳ ಕಡೆ ನೋಡಿದರು, ಒಂದು ಸಲ ನನ್ನ ನೀಲಿ ಟಾರ್ಪಾಲಿನ ಕಡೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಹೋದ ಮೇಲೆ ನಾನೇ ಟಾರ್ಪಾಲು ಬಿಚ್ಚಿ ಟೈರುಗಳ ಮೇಲೆ ಹೊದಿಸಿ, ಸುತ್ತ ಕಲ್ಲು ಹೇರಿದೆ.

ನಾಲ್ಕನೆಯ ದಿನ ಜ್ವರ ಬಿಟ್ಟಿತು. ಹಣೆ ತಣ್ಣಗಾಗಿತ್ತು. ಪುಟ್ಟಾಜಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡು, "ಹೋಯ್ತು ಬುಡಿ, ಒಲೆ ಹಚ್ತೀನಿ," ಎಂದಳು. ಬೇರೆ ಊರಾಗಿದ್ದರೆ ಗಂಡನಾದವನು ನಿಟ್ಟುಸಿರು ಬಿಟ್ಟು ಅಂಗಡಿ ತೆರೆಯುತ್ತಿದ್ದ. ನಮ್ಮೂರಲ್ಲಿ ಹುಟ್ಟಿದವನಿಗೆ "ಹೋಯ್ತು" ಎಂಬ ಮಾತಿನ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? ಐವತ್ತು ವರ್ಷ ಹೋದದ್ದೆಲ್ಲ ಬೆಳಗ್ಗೆ ಬಂದು ಕೂತದ್ದನ್ನೇ ನೋಡಿದ್ದೇನೆ. "ಸುಮ್ನೆ ಮಲಕ್ಕೊ," ಎಂದು ಗದರಿ ಅಂಗಡಿಗೆ ಬೀಗ ಹಾಕಿ ಅವಳ ಪಕ್ಕದಲ್ಲೇ ಕೂತೆ.

ಸಿಸ್ಟರ್ ಬಂದು ನೋಡಿ, ಮೊದಲ ಸಲ ನನ್ನನ್ನು ಹೊಗಳಿದರು. "ಸರಿಯಾಗಿ ಮಾಡಿದಿರಿ. ಜ್ವರ ಇಳಿದ ಮೇಲಿನ ಎರಡು ದಿನವೇ ಇದರಲ್ಲಿ ಅಪಾಯ. ಹೊಟ್ಟೆ ನೋವು, ನಿಲ್ಲದ ವಾಂತಿ, ಒಸಡಲ್ಲಿ ರಕ್ತ, ಮೈ ತಣ್ಣಗಾಗಿ ಚಡಪಡಿಕೆ. ಇದರಲ್ಲಿ ಒಂದು ಕಂಡರೂ ನನ್ನನ್ನು ಕಾಯಬೇಡಿ, ಸೀದಾ ಆಸ್ಪತ್ರೆಗೆ."

ಸಂಜೆಯೊಳಗೆ ಮೂರು ಕಂಡವು. ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡಿದಳು, ಉಗುಳಿದ್ದು ಕೆಂಪಾಗಿತ್ತು. ನಾನು ಅವಳನ್ನು ಎತ್ತಿಕೊಂಡು ಬೀದಿಗೆ ಬಂದೆ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ, ಅವಳು ಇಷ್ಟು ಹಗುರ ಎಂದು ನನಗೆ ಗೊತ್ತಿರಲಿಲ್ಲ. ರಂಗಯ್ಯ ಗಿರಣಿ ನಿಲ್ಲಿಸಿ, ಹಿಟ್ಟಿನ ಮೈಯಲ್ಲೇ ಆಟೋ ಹಿಡಿದು ತಂದ.

ಆಸ್ಪತ್ರೆಯಲ್ಲಿ ಡಾಕ್ಟರು ಡ್ರಿಪ್ ಹಾಕಿ, "ಒಳ್ಳೇ ಹೊತ್ತಿಗೆ ತಂದಿದ್ದೀರಿ," ಎಂದರು. ಅವಳಿಗೆ ಗಂಜಿ ಬೇಕಿತ್ತು. ನಾನು ಮನೆಗೆ ಬಂದು ಹುಟ್ಟಿದಾರಭ್ಯ ಮೊದಲ ಸಲ ಅಕ್ಕಿ ತೊಳೆದೆ. ತೊಳೆದ ನೀರನ್ನು ಬಾಗಿಲಿಂದಲೇ ಚರಂಡಿಗೆ ಎರಚಿದೆ. ಗಂಜಿ ಒಯ್ದು ಕುಡಿಸಿದೆ. ಮಾರನೆಯ ಬೆಳಗ್ಗೆ ಮತ್ತೆ ಅಕ್ಕಿ ತೊಳೆಯಲು ಹೋದರೆ, ಪಾತ್ರೆಯ ತುಂಬ ನಿನ್ನೆಯ ಬೆಳ್ಳನೆ ನೀರು! ನನಗೆ ಪಿತ್ತ ನೆತ್ತಿಗೇರಿತು. ಪಾತ್ರೆ ಕುಕ್ಕಿ ಆಸ್ಪತ್ರೆಗೆ ಹೋದವನೇ ಅವಳ ಮುಂದೆ ಗೋಳು ತೋಡಿಕೊಂಡೆ.

"ಅದೆಂಗೆ ಅಡುಗೆ ಮಾಡ್ತೀಯಪ್ಪ ದಿನಾ? ಅಕ್ಕಿ ತೊಳೆದ ನೀರು ವಾಪಸ್ ಬಂದು ಕೂತೈತೆ ಪಾತ್ರೆಲಿ!"

ಪುಟ್ಟಾಜಮ್ಮ ದಿಂಬಿನ ಮೇಲೆ ತಲೆ ಹೊರಳಿಸಿ ನನ್ನನ್ನು ನೋಡಿದಳು. ಮುಖದಲ್ಲಿ ರಕ್ತವಿರಲಿಲ್ಲ, ಆದರೂ ನಕ್ಕಳು. "ಎಸುದ್ರಾ?"

"ಇನ್ನೇನು ಮಾಡ್ಬೇಕಿತ್ತು?"

"ಅಯ್ಯೋ ನನ್ನ ಜಾಣ! ಎಸೆದ್ರೆ ಬರ್ದೆ ಇದ್ದೀತಾ? ಕರಿಬೇವಿನ ಗಿಡಕ್ಕೆ ಕೊಡ್ಬೇಕು. ಬುಡಕ್ಕೆ ಮೆತ್ತಗೆ ಉಯ್ದು, ಅದು ಕುಡಿಯೋವರ್ಗೂ ಒಂದ್ಗಳಿಗೆ ನಿಂತಿರಬೇಕು. ಇಪ್ಪತ್ತೆಂಟು ವರ್ಷದಲ್ಲಿ ಒಂದು ತೊಟ್ಟು ವಾಪಸ್ ಬಂದಿಲ್ಲ. ಊರ ಹೆಂಗಸ್ರಿಗೆಲ್ಲ ಗೊತ್ತು."

"ಮತ್ತೆ ಸಿಸ್ಟರ್ ನೀರು ಚೆಲ್ಲಿ ಅಂದಾಗ ಯಾಕೆ ಹೇಳ್ಲಿಲ್ಲ?"

"ಟೈರು ನಿಮ್ಮವು. ಮುಟ್ಬೇಡ ಅಂದಿದ್ರಿ. ನೀವು ಕೇಳುದ್ರಾ ನನ್ನ?"

ಕೇಳಿರಲಿಲ್ಲ. ಬೀದಿಯ ಯಾವ ಗಂಡಸೂ ಕೇಳಿರಲಿಲ್ಲ. ಡ್ರಮ್ಮು, ತೊಟ್ಟಿ, ಟೈರು ಗಂಡಸರ ಕೆಲಸ ಎಂದು ನಾವೇ ಮೀಸೆ ತಿರುವಿ ಚೆಲ್ಲಿದ್ದೆವು, ಹೆಂಗಸರು ಬಾಗಿಲಲ್ಲಿ ನಿಂತು ನೋಡಿದ್ದರು. ಅವಳು ಮಾತಾಡಿ ಸುಸ್ತಾಗಿ ಕಣ್ಣು ಮುಚ್ಚಿದಳು. ತುಟಿಯ ಅಂಚಲ್ಲಿ ಮತ್ತೆ ರಕ್ತ ಜಿನುಗಿತ್ತು.

ಡಾಕ್ಟರು ಬಂದು ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. "ರಕ್ತ ನಿಲ್ಲುತ್ತಿಲ್ಲ, ಪ್ಲೇಟ್ಲೆಟ್ಟು ತುಂಬಾ ಕೆಳಗೆ ಹೋಗಿದೆ. ಎಲ್ಲರಿಗೂ ಹಾಕುವ ಹಾಗಿಲ್ಲ, ಇವರಿಗೆ ಹಾಕಲೇಬೇಕು. ಗುಂಪು ಬಿ ನೆಗೆಟಿವ್. ನಮ್ಮಲ್ಲಿಲ್ಲ. ಇವತ್ತು ಮಧ್ಯಾಹ್ನದೊಳಗೆ ಯಾರಾದರೂ ಕೊಡುವವರು ಸಿಕ್ಕಬೇಕು."

ನನ್ನದು ಬೇರೆ ಗುಂಪು. ಬೀದಿಬೀದಿ ಅಲೆದೆ. ಐವತ್ತು ವರ್ಷ ಯಾರಿಂದಲೂ ಏನೂ ತೆಗೆದುಕೊಳ್ಳದವನು ಅವತ್ತು ಮನೆಮನೆ ಬಾಗಿಲಲ್ಲಿ ನಿಂತು ಕೈ ಮುಗಿದೆ. ಜನ ಮರುಗಿದರು, ರಕ್ತ ಪರೀಕ್ಷೆಗೂ ಬಂದರು, ಯಾರದೂ ಹೊಂದಲಿಲ್ಲ. ಬಿಸಿಲು ನೆತ್ತಿಗೆ ಬಂತು. ಸೋತು ಆಸ್ಪತ್ರೆಗೆ ವಾಪಸಾದರೆ ರಕ್ತ ಕೊಡುವ ಕೋಣೆಯಲ್ಲಿ ಬೆಳ್ಳಗೆ ಒಬ್ಬ ಮನುಷ್ಯ ಮಲಗಿದ್ದ. ರಂಗಯ್ಯ. ನರ್ಸು ಅವನ ತೋಳಿನ ಹಿಟ್ಟನ್ನು ಸ್ಪಿರಿಟ್ಟಿನಲ್ಲಿ ಉಜ್ಜಿ ಉಜ್ಜಿ ತೆಗೆಯುತ್ತಿದ್ದಳು.

"ಊರೆಲ್ಲ ಸುತ್ತಿದ್ಯಂತೆ," ಎಂದ. "ಪಕ್ಕದ ಬಾಗಿಲು ಬಿಟ್ಬಿಟ್ಟೆ. ನಂದೂ ಅದೇ ಗುಂಪು ಕಣಯ್ಯ. ಗುಡಾಣ ತಗಲಾಕ್ತಾನೆ ಅಂತ ಹೆದರ್ಕೊಂಡ್ಯಾ?"

ಅವನ ತೋಳಿಗೆ ಸೂಜಿ ಹೋಯಿತು, ಪಕ್ಕದ ಯಂತ್ರ ತಿರುಗತೊಡಗಿತು. ಪ್ಲೇಟ್ಲೆಟ್ಟಿನ ಹಳದಿ ಬಣ್ಣದ ದ್ರವ ಚೀಲಕ್ಕೆ ನಿಧಾನವಾಗಿ ಇಳಿಯಿತು.

"ತಗೋ ಕಣಯ್ಯ," ಎಂದ ರಂಗಯ್ಯ.

ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಬಾಯಿ ತೆರೆದರೆ ಅಳು ಬರುತ್ತಿತ್ತು.

"ಬಾಯ್ಬುಟ್ಟು ಅನ್ನಪ್ಪ. ಇಲ್ದಿದ್ರೆ ಬೆಳಗ್ಗೆ ಹೊತ್ಗೆ ನನ್ನ ಮೈಗೇ ವಾಪಸ್ ಬಂದ್ಬುಟ್ಟಾತು. ನಿನ್ನ ಹೆಂಡ್ರು ಉಳಿಬೇಕೋ ಬ್ಯಾಡ್ವೋ?"

"ಬರಲಿ," ಎಂದೆ. ಮತ್ತೆ ಒಂದು ಸಲ ಗಟ್ಟಿಯಾಗಿ, ಆ ಕೋಣೆಯಲ್ಲಿದ್ದವರಿಗೆಲ್ಲ ಕೇಳುವಂತೆ, "ಬರಲಿ ರಂಗಯ್ಯ," ಎಂದೆ. ಆಮೇಲೆ ಚೆನ್ನಾಗಿ ಅತ್ತೆ. ಅದರಲ್ಲಿ ಮುಚ್ಚಿಡುವುದೇನಿದೆ?

ಮಾರನೆಯ ಬೆಳಗ್ಗೆ ಒಸಡಿನ ರಕ್ತ ನಿಂತಿತ್ತು. ಅದರ ಮಾರನೆಯ ದಿನ ಪುಟ್ಟಾಜಮ್ಮ ಹಸಿವು ಎಂದಳು, ನನ್ನ ಗಂಜಿಗೆ ಉಪ್ಪಿಲ್ಲ ಎಂದು ಬೈದಳು. ಆ ಬೈಗುಳ ಕೇಳಿ ಡಾಕ್ಟರು, "ಇನ್ನು ಯೋಚನೆಯಿಲ್ಲ," ಎಂದರು.

ಅವಳು ಮನೆಗೆ ಬರುವುದರೊಳಗೆ ನನಗೆ ಕೆಲಸವಿತ್ತು. ಗ್ಲಾಡಿಸ್ ಸಿಸ್ಟರ್ ಹತ್ತಿರ ಹೋಗಿ, "ಚೆಲ್ಲಿ ಅನ್ಬೇಡಿ, ಕೊಡಿ ಅನ್ನಿ," ಎಂದು ಅಕ್ಕಿ ನೀರಿನ ಕಥೆ ಹೇಳಿದೆ. ಆಕೆ ಸೌಟಿನಿಂದ ತಮ್ಮ ಹಣೆ ತಾವೇ ತಟ್ಟಿಕೊಂಡರು. ಅವತ್ತೇ ಬೀದಿಯವರನ್ನೆಲ್ಲ ಹೊರಗೆ ಎಳೆದೆವು. ಈ ಸಲ ಹೆಂಗಸರು ಮುಂದೆ, ಗಂಡಸರು ಬಿಂದಿಗೆ ಹೊತ್ತುಕೊಂಡು ಹಿಂದೆ. ಡ್ರಮ್ಮಿನ ನೀರು ನುಗ್ಗೆ ಮರಕ್ಕೆ ಹೋಯಿತು, ಬಾನಿಯ ನೀರು ದಾಸವಾಳಕ್ಕೆ, ಶಾಲೆ ತೊಟ್ಟಿಯ ನೀರು ಹೊಂಗೆ ಮರಗಳ ಸಾಲಿಗೆ. ಮಣ್ಣು ನೀರು ಹೀರುವವರೆಗೂ ಜನ ಗಿಡದ ಪಕ್ಕ ನಿಂತಿದ್ದರು. ಒಣನೆಲದ ಮೇಲೆ ಹುಳುಗಳು ಎರಡು ಸಲ ಕೊಂಕಿ ಸುಮ್ಮನಾದವು. ಕೆಲವರು ಬಾನಿ ಬೋರಲು ಹಾಕಿ ಕೆಲಸ ಮುಗಿಯಿತು ಎಂದು ಹೊರಟರೆ ಸಿಸ್ಟರ್ ಬಿಡಲಿಲ್ಲ. "ನೀರು ಹೋದರೂ ಮೊಟ್ಟೆ ಅಂಚಿಗೆ ಅಂಟಿಕೊಂಡಿರ್ತದೆ. ತಿಂಗಳುಗಟ್ಟಲೆ ಒಣಗಿ ಕೂತಿದ್ದು ಮುಂದಿನ ಮಳೆಗೆ ಒಡೀತದೆ. ತೆಂಗಿನ ನಾರು ತನ್ನಿ, ಉಜ್ಜಿ!" ಎಂದು ಪ್ರತಿಯೊಂದನ್ನೂ ತಿಕ್ಕಿಸಿದರು. ಕುಡಿಯುವ ನೀರಿನ ತೊಟ್ಟಿಗೆ ಮುಚ್ಚಳ, ಇಲ್ಲದವರಿಗೆ ಬಟ್ಟೆ ಕಟ್ಟು. ವಾರಕ್ಕೊಂದು ದಿನ ಹೀಗೆ ಮಾಡುವುದು ಎಂದು ತೀರ್ಮಾನವಾಯಿತು. ಸೋಮವಾರ, ಗಿರಣಿಗೆ ರಜದ ದಿನ.

ನನ್ನ ಟೈರುಗಳ ನೀರೆಲ್ಲ ಆ ಕರಿಬೇವಿನ ಗಿಡಕ್ಕೂ ಅದರ ಸುತ್ತಿನ ಬಾಳೆಗೂ ಸಾಲುಸಾಲಾಗಿ ಸೇರಿತು. ಬೆಳಗ್ಗೆ ನಾಲ್ಕು ಗಂಟೆಗೇ ಎದ್ದು ಹೋಗಿ ಒಂದೊಂದು ಟೈರೊಳಗೂ ಕೈ ಹಾಕಿ ನೋಡಿದೆ. ಒಣಗಿತ್ತು. ಅರವತ್ತೆರಡೂ ಒಣಗಿದ್ದವು. ಅವಕ್ಕೆಲ್ಲ ಕಂಬಿ ಕಾಯಿಸಿ ಕೆಳಗೆರಡು ತೂತು ಹಾಕಿದೆ. ಅವುಗಳಲ್ಲಿ ಇನ್ನು ಮಳೆನೀರು ನಿಲ್ಲುವುದಿಲ್ಲ.

ಬೀದಿಯಲ್ಲಿ ಇನ್ನೊಂದೇ ಬಾಕಿ ಉಳಿದಿತ್ತು. ರಂಗಯ್ಯನ ಗುಡಾಣ ನೆಲಕ್ಕೆ ಕಚ್ಚಿಕೊಂಡಿತ್ತು, ಬಗ್ಗಿಸಿ ತಿಕ್ಕಲು ಒಬ್ಬಿಬ್ಬರ ಕೈಯಲ್ಲಿ ಆಗುತ್ತಿರಲಿಲ್ಲ. ಪುಟ್ಟಾಜಮ್ಮ ಮನೆಗೆ ಬಂದ ಮೊದಲ ಸೋಮವಾರ, ಅವನು ನನ್ನ ಬೆಂಚಿಗೆ ಬರುವ ಮೊದಲೇ ನಾನು ಅವನ ಹಿತ್ತಲಿಗೆ ಹೋದೆ. ರಕ್ತ ಕೊಟ್ಟ ತೋಳಿನಲ್ಲಿ ಇನ್ನೂ ನೀಲಿ ಕಲೆಯಿತ್ತು, ಕಾಫಿ ಕುಡಿಯುತ್ತಾ ನಿಂತಿದ್ದ.

"ಅದ್ನ ಕೊಡು," ಎಂದೆ.

"ಯಾವ್ದ?"

"ಗುಡಾಣ ಕಣಯ್ಯ. ಹತ್ತೊಂಬತ್ತು ವರ್ಷದಿಂದ ಪ್ರಾಣ ತಿಂತಿದ್ಯಲ್ಲ."

ಕಾಫಿ ಲೋಟ ಕೈಯಲ್ಲೇ ನಿಂತಿತು. "ತಮಾಷೆ ಮಾಡ್ಬೇಡ."

"ತಗೋ ಅನ್ನೋ ಮಾರಾಯ!"

"ತ... ತಗೋ."

"ಬರಲಿ," ಎಂದೆ.

ನಾಲ್ಕು ಜನ ಸೇರಿ ನೀರನ್ನು ಅವನ ತೆಂಗಿನ ಬುಡಕ್ಕೆ ಕೊಟ್ಟು, ಒಳಮೈ ತಿಕ್ಕಿ, ಹೊತ್ತು ತಂದೆವು. ತಳಕ್ಕೆ ತೂತು ಹೊಡೆದು ಮಣ್ಣು ತುಂಬಿ ಒಂದು ಕರಿಬೇವಿನ ಸಸಿ ನೆಟ್ಟೆ. ಪುಟ್ಟಾಜಮ್ಮ ಜಗಲಿಯಲ್ಲಿ ಕೂತೇ ಅದು ಎಲ್ಲಿರಬೇಕು ಎಂದು ಮೂರು ಸಲ ಜಾಗ ಬದಲಾಯಿಸಿದಳು. ನಾವು ನಾಲ್ವರೂ ಬೆವರು ಒರೆಸಿಕೊಂಡು ಮೂರು ಸಲವೂ ಹೊತ್ತೆವು.

ಬೆಳಗ್ಗೆ ಎದ್ದು ನೋಡಿದರೆ ಗುಡಾಣ ನಮ್ಮ ಜಗಲಿಯ ಪಕ್ಕದಲ್ಲೇ ಇತ್ತು. ಬೇಲಿಯಾಚೆ ರಂಗಯ್ಯ ಗಿರಣಿಗೂ ಹೋಗದೆ ತನ್ನ ಹಿತ್ತಲಲ್ಲಿ ನಿಂತಿದ್ದ. ಗುಡಾಣವಿದ್ದ ಜಾಗದಲ್ಲಿ ನೆಲದ ಮೇಲೆ ದುಂಡನೆ ಗುರುತು ಬಿದ್ದಿತ್ತು, ಅದನ್ನೇ ನೋಡುತ್ತಿದ್ದ. ನನ್ನನ್ನು ಕಂಡು ಬೇಲಿಯ ಹತ್ತಿರ ಬಂದ.

"ಅಲ್ಲ ಕಣಯ್ಯ," ಎಂದ, ಧ್ವನಿ ಸ್ವಲ್ಪ ಸಣ್ಣದಾಗಿತ್ತು. "ನಿಜವಾಗ್ಲೂ ಹೋಗ್ಬುಡ್ತಲ್ಲ. ಹಿತ್ಲು ಬಿಕೋ ಅಂತದೆ. ಇನ್ನು ಸೋಮವಾರ ನಿನ್ನ ಬೆಂಚಿಗೆ ಏನಂತ ಬರ್ಲಿ ನಾನು?"

ನಾನು ತೂತು ಹಾಕಿಟ್ಟ ಟೈರುಗಳಲ್ಲಿ ಒಳ್ಳೆಯದೊಂದನ್ನು ಆರಿಸಿ, ಎತ್ತಿ ಬೇಲಿಯ ಮೇಲಿಟ್ಟೆ.

"ತಗೋ," ಎಂದೆ.

ರಂಗಯ್ಯ ಅಭ್ಯಾಸಬಲದಿಂದ ಎರಡು ಹೆಜ್ಜೆ ಹಿಂದೆ ಸರಿದ. ಟೈರು ನೋಡಿದ, ನೆಲದ ಮೇಲಿನ ದುಂಡನೆ ಗುರುತು ನೋಡಿದ, ನನ್ನ ಹಿಂದೆ ಜಗಲಿಯಲ್ಲಿ ಕೂತು ಹುರುಳಿ ಹಸನು ಮಾಡುತ್ತಿದ್ದ ಪುಟ್ಟಾಜಮ್ಮನನ್ನು ನೋಡಿದ. ಆಮೇಲೆ ಆ ಎರಡು ಹೆಜ್ಜೆ ಮುಂದೆ ಬಂದು ಎರಡೂ ಕೈ ಚಾಚಿದ.

"ಬರಲಿ," ಎಂದ.